ಕ್ಯೂಸೆಕ್ ಅಂದ್ರೆ ಎಷ್ಟು ಮೆಟ್ಟಿಲು? – ಬರೆಯೋ ಕೆಲಸಕ್ಕೆ ಹೊರಟ ಇಂಜಿನಿಯರುಗಳಿಗೆ

ಪ್ಲೇಸ್‌ಮೆಂಟ್ ಸೀಸನ್ ಶುರುವಾದ್ರೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಕೇಳುತ್ತೆ: "ಟೆಕ್ನಿಕಲ್ ಎಲ್ಲಾ ಓಕೆ ಅಂತೆ, ಕಮ್ಯುನಿಕೇಶನ್ ಸಾಲದಂತೆ." ಹೀಗೆ ಹೇಳಿಸಿಕೊಂಡು ಬಂದವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಅವರಿಗೆ ಆ ಮಾತು 'ಇಂಗ್ಲಿಷ್ ಸಾಲದು' ಅಂತ ಕೇಳಿಸುತ್ತೆ. ಸಂಜೆ ಮೆಸ್ಸಿನಲ್ಲಿ ಚಪಾತಿ ಹರೀತಾ ಸುಮ್ಮನೆ ಕೂತಿರ್ತಾರೆ. ಕಮ್ಯುನಿಕೇಶನ್ ಅನ್ನೋದನ್ನೇ ಕಸುಬು ಮಾಡಿಕೊಂಡು ಸಂಬಳ ಎಣಿಸೋ ಇಂಜಿನಿಯರುಗಳು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ಕನ್ನಡ ಮೀಡಿಯಂನವರೂ ಇದ್ದಾರೆ ಅಂತ ಆ ಹೊತ್ತಿಗೆ ಹೇಳಿದ್ರೆ ಯಾರೂ ನಂಬೋದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಆ ಕೆಲಸ ಏನು ಅಂತ ನೋಡೋಣ. ಅದಕ್ಕೆ ಬೆಂಗಳೂರಿನ ಗಾಜಿನ ಕಟ್ಟಡಗಳಿಗಿಂತ ನಮ್ಮ ಮಲಪ್ರಭೆ ದಂಡೆ ಒಳ್ಳೆ ಉದಾಹರಣೆ.

2019ರ ಆಗಸ್ಟ್ ನಮಗೆಲ್ಲ ನೆನಪಿದೆ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣದ ಒಳಗೇ ನೀರು ಬಂತು. ಸುತ್ತಲಿನ ಹಳ್ಳಿಗಳವರು ದನಕರು, ಹಾಸಿಗೆ ಕಟ್ಟಿಕೊಂಡು ಎತ್ತರದ ಜಾಗಕ್ಕೆ ಹೋದರು. ಇಲ್ಲಿ ಹೊಳಿ ಉಕ್ಕುತ್ತೋ ಇಲ್ಲವೋ ಅನ್ನೋದು ಮೇಲೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ನೀರು ಬಿಡ್ತಾರೆ ಅನ್ನೋದರ ಮೇಲೂ ನಿಂತಿರುತ್ತೆ. ಇಂಥ ಹೊತ್ತಿನಲ್ಲಿ ಹೊರಡೋ ಪ್ರಕಟಣೆಗಳ ಧಾಟಿ ನಿಮಗೆ ಗೊತ್ತು. ನಾವೇ ಒಂದು ಮಾದರಿ ಬರೆದು ತೋರಿಸ್ತೀವಿ, ಅಂಕಿ ಬರೀ ಉದಾಹರಣೆಗೆ: "ಜಲಾಶಯದ ಒಳಹರಿವು ಹೆಚ್ಚಿರುವ ಹಿನ್ನೆಲೆಯಲ್ಲಿ ನದಿಗೆ 40,000 ಕ್ಯೂಸೆಕ್ ನೀರನ್ನು ಹರಿಬಿಡಲಾಗುತ್ತಿದ್ದು, ನದಿಪಾತ್ರದ ಸಾರ್ವಜನಿಕರು ಎಚ್ಚರಿಕೆಯಿಂದಿರಲು ಕೋರಲಾಗಿದೆ."

ವ್ಯಾಕರಣ ಸರಿ ಇದೆ. ಮಾಹಿತಿಯೂ ಸರಿ ಇದೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. 40,000 ಅಂದ್ರೆ ಸೆಕೆಂಡಿಗೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು. ಸಿವಿಲ್ ಬ್ರಾಂಚಿನವರು ಇಷ್ಟನ್ನು ನಿದ್ದೆಯಲ್ಲಿ ಹೇಳ್ತಾರೆ. ಆದ್ರೆ ದಂಡೆ ಮೇಲಿನ ಓಣಿಯ ಅಜ್ಜಿಗೆ ಬೇಕಾಗಿರೋದು ಲೀಟರ್ ಅಲ್ಲ. ಹೊಳಿಗೆ ಇಳಿಯೋ ಮೆಟ್ಟಿಲುಗಳಲ್ಲಿ ಎಷ್ಟನೇ ಮೆಟ್ಟಿಲಿನ ತನಕ ನೀರು ಬರುತ್ತೆ, ಯಾವಾಗ ಬರುತ್ತೆ, ತಾನು ಈಗ ಏಳಬೇಕೋ ಊಟ ಮಾಡಿ ಏಳಬಹುದೋ, ಎಮ್ಮೆ ಬಿಚ್ಚಬೇಕೋ ಬೇಡವೋ. ಹಾಗಾಗಿ ಅದೇ ಪ್ರಕಟಣೆ ಹೀಗಿರಬೇಕಿತ್ತು: "ಇವತ್ತು ರಾತ್ರಿ ಹತ್ತರೊಳಗೆ ಹೊಳಿ ನೀರು ಕೆಳಗಿನ ಓಣಿಗೆ ಬರ್ತದ. ದನಾ ಬಿಚ್ಚಿಕೊಂಡು ಕತ್ತಲಾಗೋದರೊಳಗ ಮ್ಯಾಲಿನ ಸಾಲಿ ಹತ್ರ ಹೋಗ್ರಿ. ಸೇತುವೆ ದಾಟಬ್ಯಾಡ್ರಿ."

ಎರಡನೇದು ಬರೆಯೋದು ಸುಲಭ ಅನ್ನಿಸುತ್ತೆ. ಆದ್ರೆ ಅದನ್ನ ಬರೆಯೋ ಮೊದಲು ಬರೆಯೋನು ಅಣೆಕಟ್ಟಿನ ಇಂಜಿನಿಯರ್ ಹತ್ತಿರ ಹೋಗಿ ನಾಲ್ಕು ಪ್ರಶ್ನೆ ಕೇಳಬೇಕು. ಗೇಟ್ ತೆಗೆದ ಮೇಲೆ ಆ ಊರಿಗೆ ನೀರು ಮುಟ್ಟೋಕೆ ಎಷ್ಟು ತಾಸು? ಇಷ್ಟು ಕ್ಯೂಸೆಕ್‌ಗೆ ಮಟ್ಟ ಎಲ್ಲಿವರೆಗೆ ಏರುತ್ತೆ? ನಡುವೆ ಹಳ್ಳಗಳ ನೀರೂ ಸೇರಿದ್ರೆ? ಆ ಲೆಕ್ಕ ಎಷ್ಟು ಖಚಿತ? ಆಮೇಲೆ ಊರಿನವರ ಹತ್ತಿರ ಹೋಗಿ ಓಣಿಗಳ ಹೆಸರು, ಎತ್ತರದ ಜಾಗ ಯಾವುದು ಅಂತ ಕೇಳಬೇಕು. ಮೂರು ವಾಕ್ಯ ಬರೆಯೋಕೆ ಅರ್ಧ ದಿನದ ಓಡಾಟ. ಕಮ್ಯುನಿಕೇಶನ್ ಕೆಲಸದಲ್ಲಿ ಬರವಣಿಗೆ ಕಡಿಮೆ, ಕೇಳೋದು ಜಾಸ್ತಿ. ಮತ್ತೆ ಆ ನಾಲ್ಕು ಪ್ರಶ್ನೆ ಕೇಳೋಕೆ ಹೈಡ್ರಾಲಿಕ್ಸ್ ಗೊತ್ತಿರೋನೇ ಬೇಕು. "ಬರೆಯೋ ಕೆಲಸಕ್ಕೆ ಹೋಗೋದಿದ್ರೆ ಇಂಜಿನಿಯರಿಂಗ್ ಯಾಕೆ ಓದಿಸಬೇಕಿತ್ತು?" ಅಂತ ಮನೆಯಲ್ಲಿ ಕೇಳೇ ಕೇಳ್ತಾರಲ್ಲ, ಅದಕ್ಕೆ ಉತ್ತರ ಇದೇ: ಗೊತ್ತಿಲ್ಲದೋನು ಸರಿಯಾದ ಪ್ರಶ್ನೆ ಕೇಳಲಾರ.

(ಅಂದ ಹಾಗೆ 2023ರಲ್ಲಿ ನಮ್ಮೆಲ್ಲರ ಫೋನು ಒಟ್ಟಿಗೇ ಕಿರುಚಿಕೊಂಡು ಲೆಕ್ಚರ್ ನಿಂತಿತ್ತಲ್ಲ, ಅದು ವಿಪತ್ತಿನ ಎಚ್ಚರಿಕೆ ಕಳಿಸೋ ವ್ಯವಸ್ಥೆಯ ಪರೀಕ್ಷೆ. ಟವರ್‌ಗಳಿಂದ ಒಂದೇ ಸಲ ಲಕ್ಷ ಜನಕ್ಕೆ ಸಂದೇಶ ತಲುಪಿಸೋ ತಂತ್ರ ನಮ್ಮ ಹತ್ತಿರ ಬಂದಾಯ್ತು. ಆ ಚೌಕದೊಳಗೆ ಯಾವ ವಾಕ್ಯ ಹಾಕಬೇಕು ಅನ್ನೋದು ಟವರ್‌ಗೆ ಗೊತ್ತಾಗೋದಿಲ್ಲ.)

ಈಗ ಗುಡಿಗಳ ಕಡೆ ಬರೋಣ. ಪಟ್ಟದಕಲ್ಲಿಗೆ ನಾವು ಟ್ರಿಪ್ ಹೋದಾಗ ಫೋಟೋ ತೆಗೆಸಿಕೊಳ್ತೀವಿ, ಕಲ್ಲಿನ ಮೇಲಿನ ಅಕ್ಷರ ಓದೋದಿಲ್ಲ, ಓದೋಕೆ ಬರೋದೂ ಇಲ್ಲ ಬಿಡಿ. ಆದ್ರೆ ಅಲ್ಲಿ ಇರೋದು ಎಂಟನೇ ಶತಮಾನದ ಕಮ್ಯುನಿಕೇಶನ್ ಡಿಪಾರ್ಟ್‌ಮೆಂಟ್ ಅಂದ್ರೂ ತಪ್ಪಿಲ್ಲ.

ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಕಂಚಿಯ ಪಲ್ಲವರ ಮೇಲೆ ಗಂಡ ಪಡೆದ ಗೆಲುವಿನ ನೆನಪಿಗೆ. ಅಲ್ಲಿನ ಶಾಸನದಲ್ಲಿ ಗುಡಿ ಕಟ್ಟಿದ ಸೂತ್ರಧಾರಿಯ ಹೆಸರು ಇದೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಕೊಟ್ಟ ವಿಷಯವೂ ಇದೆ. ಅಲ್ಲೇ ಸರ್ವಸಿದ್ಧಿ ಆಚಾರಿ ಅನ್ನೋ ಹೆಸರು, ಅವನು ಊರು, ಮನೆ, ವಾಹನ, ಆಸನ, ಮಂಚ, ರತ್ನದ ಕಿರೀಟ ಇವನ್ನೆಲ್ಲ ಮಾಡಬಲ್ಲ ಅನ್ನೋ ಪಟ್ಟಿ. ಇದನ್ನ ರೆಸ್ಯೂಮೆಯ 'ಸ್ಕಿಲ್ಸ್' ಭಾಗ ಅಂತ ಓದಿ ನೋಡಿ, ನಗು ಬರುತ್ತೆ. ಆದ್ರೆ ನಮ್ಮ ರೆಸ್ಯೂಮೆಗೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸ. ಆ ಪಟ್ಟಿ ಕೆತ್ತಿರೋದು ಕಟ್ಟಿದ ಗುಡಿಯ ಮೇಲೇ. ಓದೋನು ತಲೆ ಎತ್ತಿದ್ರೆ ಸಾಕು, ಸಾಕ್ಷಿ ಎದುರಿಗೇ ನಿಂತಿದೆ.

ಪಕ್ಕದ ಐಹೊಳೆಯಲ್ಲಿ ಮೇಗುಟಿ ಬಸದಿಯ ಶಾಸನ ಇನ್ನೂ ಹಳೇದು, 634ರ ಸುಮಾರಿನದು. ಅದನ್ನ ರಚಿಸಿದ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ಸಾಧನೆಗಳನ್ನ ಸಂಸ್ಕೃತ ಪದ್ಯಗಳಲ್ಲಿ ಸಾಲಾಗಿ ಹೇಳಿ, ಕೊನೆಯಲ್ಲಿ ತಾನು ಕಾಳಿದಾಸ, ಭಾರವಿ ಇಬ್ಬರಿಗೂ ಸಮನಾದ ಕೀರ್ತಿವಂತ ಅಂತ ಹೇಳಿಕೊಂಡಿದ್ದಾನೆ. ಸಣ್ಣ ಮಾತಲ್ಲ. ನಮ್ಮಲ್ಲಿ ಕೆಲವರಿಗೆ ಇದು ಜಂಬ ಅನ್ನಿಸ್ತು, ಕೆಲವರಿಗೆ ಧೈರ್ಯ ಅನ್ನಿಸ್ತು. ಗಮನಿಸಬೇಕಾದ್ದು ಕ್ರಮ: ಮೊದಲು ಕೆಲಸ ತೋರಿಸಿದ, ಆಮೇಲೆ ತನ್ನ ಬಗ್ಗೆ ಹೇಳಿದ. ನಾವು ಲಿಂಕ್ಡ್‌ಇನ್‌ನಲ್ಲಿ ಉಲ್ಟಾ ಮಾಡ್ತೀವಿ. "ಪ್ಯಾಶನೇಟ್ ಸ್ಟೋರಿಟೆಲ್ಲರ್" ಅಂತ ಮೇಲೆ ಬರೆದು ಕೆಳಗೆ ಒಂದು ಸ್ಟೋರಿಯನ್ನೂ ಇಟ್ಟಿರೋದಿಲ್ಲ.

ಎಲ್ಲಕ್ಕಿಂತ ನಮಗೆ ಇಷ್ಟವಾದದ್ದು ಪಟ್ಟದಕಲ್ಲಿನ ಕಂಬ. ಎರಡನೇ ಕೀರ್ತಿವರ್ಮನ ಕಾಲದ್ದು, 754ರದ್ದು. ನಿಲ್ಲಿಸಿದವನು ಗಂಗೆಯ ಉತ್ತರ ದಂಡೆಯ ನಾಡಿನಿಂದ ಬಂದಿದ್ದ ಜ್ಞಾನಶಿವಾಚಾರ್ಯ ಅನ್ನೋ ಶೈವ ಗುರು. ಭಾಷೆ ಸಂಸ್ಕೃತ, ಮಾತು ಒಂದೇ, ಆದ್ರೆ ಲಿಪಿ ಎರಡು: ಒಂದು ಉತ್ತರದವರು ಬಳಸುತ್ತಿದ್ದ ಸಿದ್ಧಮಾತೃಕಾ, ಇನ್ನೊಂದು ನಮ್ಮ ಕಡೆಯ ಆ ಕಾಲದ ಕನ್ನಡ ಲಿಪಿ. ಕಲ್ಲಿನಲ್ಲಿ ಒಂದೊಂದು ಅಕ್ಷರ ಕೆತ್ತೋದು ಎಷ್ಟು ಕಷ್ಟ, ಆದರೂ ಎರಡು ಸಲ ಕೆತ್ತಿಸಿದ್ದಾರೆ. ಉತ್ತರದಿಂದ ಬರೋನೂ ಓದಲಿ, ಇಲ್ಲಿನೋನೂ ಓದಲಿ ಅಂತಲೇ ಇರಬೇಕು ಅನ್ನೋದು ನಮ್ಮ ಊಹೆ. ಇವತ್ತು ಆ್ಯಪ್ ಕಂಪನಿಗಳು 'ಲೋಕಲೈಸೇಶನ್' ಅಂತ ಕರೆಯೋ ಕೆಲಸದ ಹತ್ತಿರದ ಬಂಧು ಇದು.

ವಿಕ್ರಮಾದಿತ್ಯನೂ ಕಡಿಮೆ ಇರಲಿಲ್ಲ. ಕಂಚಿ ಗೆದ್ದಾಗ ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತು ದೋಚದೆ ದೇವರಿಗೇ ಹಿಂದಿರುಗಿಸಿದೆ ಅಂತ ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿ ಬಂದ. ಸೋತವರ ಊರಿನಲ್ಲಿ ಗೆದ್ದವನ ಪ್ರೆಸ್ ನೋಟ್! ತಮಿಳು ನಾಡಿನ ನಡುವೆ ಕನ್ನಡದಲ್ಲಿ ಬರೆಸಿದ್ದು ಯಾರು ಓದಲಿ ಅಂತ? ಜೊತೆಗೆ ಬಂದ ತನ್ನ ಸೈನ್ಯವೇ, ಮುಂದೆ ಬರೋ ತನ್ನವರೇ? ಪಬ್ಲಿಕ್ ರಿಲೇಶನ್ಸ್ ಓದೋರು ಈ ಒಂದು ಪ್ರಶ್ನೆ ಮೇಲೆ ಸೆಮಿನಾರ್ ಮಾಡಬಹುದು.

ಸರಿ, ಈ ಕಾಲಕ್ಕೆ ಬರೋಣ. ಕಂಪನಿಗಳಲ್ಲಿ ಈ ಕೆಲಸಗಳ ಹೆಸರು ಬೇರೆ ಬೇರೆ. ಟೆಕ್ನಿಕಲ್ ರೈಟರ್, ಡಾಕ್ಯುಮೆಂಟೇಶನ್ ಇಂಜಿನಿಯರ್, ಇನ್ಫರ್ಮೇಶನ್ ಡೆವಲಪರ್ ಮೂರೂ ಹೆಚ್ಚುಕಡಿಮೆ ಒಂದೇ: ಸಾಫ್ಟ್‌ವೇರ್ ಅಥವಾ ಯಂತ್ರ ಬಳಸೋರಿಗೆ ಕೈಪಿಡಿ, ಎಪಿಐ ವಿವರ, ರಿಲೀಸ್ ನೋಟ್ ಬರೆಯೋದು. ಯುಎಕ್ಸ್ ರೈಟರ್ ಅಥವಾ ಕಂಟೆಂಟ್ ಡಿಸೈನರ್ ಅಂದ್ರೆ ಸ್ಕ್ರೀನಿನ ಬಟನ್, ಎರರ್ ಸಂದೇಶಗಳ ಮಾತು ಬರೆಯೋನು. ಪ್ರಪೋಸಲ್ ರೈಟರ್ ಟೆಂಡರಿಗೆ ಉತ್ತರ ಸಿದ್ಧ ಮಾಡ್ತಾನೆ. ಕಾರ್ಪೊರೇಟ್ ಕಮ್ಯುನಿಕೇಶನ್‌ನವರು ಪತ್ರಿಕೆ, ನೌಕರರು, ಸರ್ಕಾರ ಇವರ ಜೊತೆ ಕಂಪನಿ ಪರವಾಗಿ ಮಾತಾಡೋರು. ಡೆವಲಪರ್ ಅಡ್ವೊಕೇಟ್ ಕೋಡನ್ನೂ ಬರೀತಾನೆ, ವೇದಿಕೆ ಮೇಲೂ ನಿಲ್ತಾನೆ. ಕ್ಯಾಂಪಸ್‌ಗೆ ಬರೋ ಕಂಪನಿಗಳ ಪಟ್ಟಿಯಲ್ಲಿ ಈ ಹೆಸರುಗಳು ಕಾಣೋದು ಅಪರೂಪ, ಆಫ್ ಕ್ಯಾಂಪಸ್ ಹುಡುಕಬೇಕು, ಮತ್ತು ಹುಡುಕುವಾಗ ಈ ಎಲ್ಲಾ ಹೆಸರನ್ನೂ ಒಂದೊಂದಾಗಿ ಹಾಕಿ ಹುಡುಕಬೇಕು. 'ಕಮ್ಯುನಿಕೇಶನ್' ಅಂತ ಮಾತ್ರ ಹುಡುಕಿದ್ರೆ ಆ್ಯಂಟೆನಾ, ಸಿಗ್ನಲ್ ಪ್ರೊಸೆಸಿಂಗ್ ಕೆಲಸಗಳು ಬರ್ತವೆ. ಇಸಿ ಬ್ರಾಂಚಿನವರಿಗೆ ಅದೂ ಲಾಭವೇ.

ಇನ್ನು ಇಂಗ್ಲಿಷಿನ ಭಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಹೆಚ್ಚಿನವರು ಹಿಂದೆ ಸರಿಯೋದು ಇಲ್ಲೇ.

ವಿಮಾನಗಳ ದುರಸ್ತಿ ಕೈಪಿಡಿ ಬರೆಯೋಕೆ ಒಂದು ನಿಯಮಾವಳಿ ಇದೆ, ಹೆಸರು ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್. ಯುರೋಪಿನ ವಿಮಾನ ಉದ್ಯಮ 1980ರ ದಶಕದಲ್ಲಿ ರೂಪಿಸಿದ್ದು. ವಿಮಾನ ರಿಪೇರಿ ಮಾಡೋ ಮೆಕ್ಯಾನಿಕ್ ಬ್ರೆಜಿಲ್‌ನವನಿರಬಹುದು, ಇಂಡೋನೇಷ್ಯಾದವನಿರಬಹುದು, ನಮ್ಮ ಹುಬ್ಬಳ್ಳಿಯವನೇ ಇರಬಹುದು. ಅವನಿಗೆ ಒಂದು ವಾಕ್ಯ ತಪ್ಪಾಗಿ ಅರ್ಥವಾದ್ರೆ ಇನ್ನೂರು ಜನರ ಜೀವ ಹೋಗಬಹುದು. ಹಾಗಾಗಿ ನಿಯಮ ಬಹಳ ಕಟ್ಟುನಿಟ್ಟು: ಒಂದು ಪದಕ್ಕೆ ಒಂದೇ ಅರ್ಥ. 'ಫಾಲೋ' ಅಂದ್ರೆ 'ಹಿಂದೆ ಬರು' ಅಂತ ಮಾತ್ರ, 'ನಿಯಮ ಪಾಲಿಸು' ಅನ್ನೋ ಅರ್ಥದಲ್ಲಿ ಬಳಸೋ ಹಾಗಿಲ್ಲ, ಅದಕ್ಕೆ 'ಒಬೇ' ಅನ್ನಬೇಕು. ಕೆಲಸ ಹೇಳೋ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಒಂದು ವಾಕ್ಯದಲ್ಲಿ ಒಂದೇ ಸೂಚನೆ. ಭಾಗಗಳ ಹೆಸರು, ತಾಂತ್ರಿಕ ಪದ ಬಿಟ್ರೆ ಒಪ್ಪಿಗೆ ಪಡೆದ ಸಾಮಾನ್ಯ ಪದಗಳು ಒಂದು ಸಾವಿರದ ಒಳಗೇ.

ಅಂದ್ರೆ ಜಗತ್ತಿನ ಅತ್ಯಂತ ಜವಾಬ್ದಾರಿಯ ತಾಂತ್ರಿಕ ಬರವಣಿಗೆಗೆ ಬೇಕಾದ ಇಂಗ್ಲಿಷ್ ನಮ್ಮ ಪಿಯುಸಿ ಪುಸ್ತಕದ ಇಂಗ್ಲಿಷಿಗಿಂತ ಸರಳ. ಗ್ರೂಪ್ ಡಿಸ್ಕಶನ್‌ನಲ್ಲಿ ನಿರರ್ಗಳವಾಗಿ ಮಾತಾಡೋನಿಗೆ ಇಂಥ ವಾಕ್ಯ ಬರೆಯೋಕೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಪದ ಹುಡುಕ್ತಾ ತಡವರಿಸಿ ಮಾತಾಡೋನು ಚೆನ್ನಾಗಿ ಬರೆಯಬಹುದು, ಎರಡೂ ಬೇರೆ ಬೇರೆ ಕೌಶಲ. ಇಂಗ್ಲಿಷೇ ಬೇಡ ಅಂತ ನಾವು ಹೇಳ್ತಿಲ್ಲ. ಬೇಕು. ಇಂಟರ್‌ವ್ಯೂನಲ್ಲಿ, ಮೀಟಿಂಗ್‌ನಲ್ಲಿ ಮಾತಾಡಲೇಬೇಕು. ಆದ್ರೆ ಬೇಕಾಗಿರೋದು ಅಲಂಕಾರದ ಇಂಗ್ಲಿಷ್ ಅಲ್ಲ, ತಪ್ಪಿಲ್ಲದ ಚಿಕ್ಕ ಇಂಗ್ಲಿಷ್. ದಿನಾ ಒಂದು ತಾಸು ಕೂತ್ರೆ ಆರು ತಿಂಗಳಲ್ಲಿ ಕೈಗೆ ಹತ್ತೋ ಅಂಥದ್ದು ಅನ್ನೋದು ನಮ್ಮ ಅಭಿಪ್ರಾಯ.

ಮತ್ತೆ ಕನ್ನಡ ನಮ್ಮ ಮೈನಸ್ ಅಂತ ಯಾರು ಹೇಳಿದ್ರು? ಒಂದು ಚಿಕ್ಕ ಕೋಡಿಂಗ್ ಸಮಸ್ಯೆ ನೋಡ್ರಿ. ಬಸ್ ಟಿಕೆಟ್ ಆ್ಯಪ್ ಒಂದರಲ್ಲಿ 'ಇಂಥ ಊರಿಗೆ ನಿಮ್ಮ ಟಿಕೆಟ್ ಆಗಿದೆ' ಅಂತ ತೋರಿಸಬೇಕು. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ 'ಟು' ಹಾಕಿದ್ರೆ ಮುಗೀತು, ಯಾವ ಊರಾದ್ರೂ ಸರಿ. ಕನ್ನಡ ಬಾರದ ಡೆವಲಪರ್ ಅದನ್ನ ನೋಡಿ ವೇರಿಯೇಬಲ್ ಮುಂದೆ 'ಗೆ' ಅಂಟಿಸ್ತಾನೆ. ಬಾದಾಮಿಗೆ, ಸರಿ. ಬಾಗಲಕೋಟೆಗೆ, ಸರಿ. ಆಮೇಲೆ ಬರುತ್ತೆ 'ಹುನಗುಂದಗೆ'. ಪಟ್ಟದಕಲ್ಲು ಹಾಕಿದ್ರೆ 'ಪಟ್ಟದಕಲ್ಲುಗೆ'. ನಮ್ಮೂರ ಎರಡನೇ ಕ್ಲಾಸಿನ ಹುಡುಗಿಗೂ ಅದು 'ಹುನಗುಂದಕ್ಕೆ', 'ಪಟ್ಟದಕಲ್ಲಿಗೆ' ಅಂತ ಗೊತ್ತು, ಕೋಡ್‌ಗೆ ಗೊತ್ತಿಲ್ಲ. ಇದಕ್ಕೆ ಎರಡು ದಾರಿ: ಊರಿನ ಹೆಸರಿನ ಕೊನೆ ನೋಡಿ ವಿಭಕ್ತಿ ಆರಿಸೋ ನಿಯಮ ಬರೆಯಬೇಕು, ಇಲ್ಲವೇ ವಾಕ್ಯವನ್ನೇ ತಿರುಗಿಸಿ 'ತಲುಪುವ ಊರು: ಹುನಗುಂದ' ಅಂತ ಮಾಡಬೇಕು. ಎರಡನೇದು ಒಂದೇ ನಿಮಿಷದ ಕೆಲಸ. ಆದ್ರೆ ಸಮಸ್ಯೆ ಇದೆ ಅಂತ ಕಾಣಬೇಕಾದ್ರೆ ಒಬ್ಬನೇ ಮನುಷ್ಯನಿಗೆ ಸ್ಟ್ರಿಂಗ್ ಅಂದ್ರೇನು ಅಂತಲೂ ಗೊತ್ತಿರಬೇಕು, ಚತುರ್ಥಿ ವಿಭಕ್ತಿ ಅಂದ್ರೇನು ಅಂತಲೂ ಗೊತ್ತಿರಬೇಕು. ಬಟನ್‌ಗೆ ಕನ್ನಡ ಪದ ಹಿಡಿಸದೆ ಅರ್ಧಕ್ಕೇ ಕತ್ತರಿಸಿ ಹೋಗೋದು, ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರದ ಕಾಲು ಮುರಿಯೋದು, ಇವೂ ಇದೇ ಜಾತಿಯ ತೊಂದರೆಗಳು. ಬ್ಯಾಂಕ್ ಆ್ಯಪ್, ಬೆಳೆ ವಿಮೆ, ಆಸ್ಪತ್ರೆ, ಎಲ್ಲಾ ಕನ್ನಡಕ್ಕೆ ಬರ್ತಿರೋ ಕಾಲದಲ್ಲಿ ಇದು ಬರೀ ಅಂದಚಂದದ ವಿಷಯ ಅಲ್ಲ. ಸಾಲದ ಷರತ್ತನ್ನ ಯಂತ್ರ ಅನುವಾದಿಸಿದ ಕನ್ನಡದಲ್ಲಿ ಓದಿ ಸಹಿ ಹಾಕೋರು ನಮ್ಮ ಮನೆಯವರೇ.

ಈ ದಾರಿಯಲ್ಲಿ ಮುಂದೆ ಹೋದವರೂ ಇದ್ದಾರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ 1996ರಲ್ಲಿ ಕನ್ನಡದ ಮೊದಲ ಅಂತರ್ಜಾಲ ತಾಣ 'ವಿಶ್ವಕನ್ನಡ' ಶುರು ಮಾಡಿದರು, ಆಮೇಲೆ ಕನ್ನಡ ಕಂಪ್ಯೂಟಿಂಗ್, ತಂತ್ರಜ್ಞಾನದ ಅಂಕಣಗಳು ಅಂತ ಅದೇ ದಾರಿಯಲ್ಲಿ ನಡೆದರು. ಸಾಫ್ಟ್‌ವೇರ್ ಕ್ಷೇತ್ರದ ಟಿ. ಜಿ. ಶ್ರೀನಿಧಿ ಕನ್ನಡದಲ್ಲಿ ವಿಜ್ಞಾನ, ತಂತ್ರಜ್ಞಾನ ಹೇಳೋ 'ಇಜ್ಞಾನ' ನಡೆಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಗುಬ್ಬಿ ಲ್ಯಾಬ್ಸ್‌ನವರ 'ರಿಸರ್ಚ್ ಮ್ಯಾಟರ್ಸ್' ನಮ್ಮ ದೇಶದ ಸಂಶೋಧನೆಗಳ ಸುದ್ದಿಯನ್ನ ಕನ್ನಡದಲ್ಲೂ ಕೊಡ್ತಿದೆ. ಸಂಬಳದ ಕೆಲಸ ಒಂದು, ಕನ್ನಡದ ಕೆಲಸ ಇನ್ನೊಂದು ಅಂತ ಎರಡು ದೋಣಿಯಲ್ಲಿ ಕಾಲಿಟ್ಟು ನಡೆಸಿದವರು ಹಲವರು, ಸುಲಭ ಏನಲ್ಲ ಅದು.

ಹಾಗಾದ್ರೆ ಎಲ್ಲಿಂದ ಶುರು? ರೆಸ್ಯೂಮೆಯಿಂದ ಅಲ್ಲ, ಮಾದರಿಗಳಿಂದ. ಈ ಕ್ಷೇತ್ರದಲ್ಲಿ ಹೊಸಬರನ್ನ ತಗೊಳ್ಳುವಾಗ ಮಾರ್ಕ್ಸ್ ಕಾರ್ಡಿಗಿಂತ ಹೆಚ್ಚಾಗಿ ನೋಡೋದು 'ಏನು ಬರೆದಿದ್ದೀರಿ, ತೋರಿಸಿ' ಅಂತ. ಮೂರು ಮಾದರಿ ಸಾಕು, ಮೂರೂ ಕ್ಯಾಂಪಸ್ಸಿನಲ್ಲೇ ಸಿಗ್ತವೆ.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಲ್ಯಾಬಿನ ಯುಟಿಎಂ ಯಂತ್ರದ ಕೈಪಿಡಿ ಕೈಗೆತ್ತಿಕೊಳ್ಳಿ. ಫೋಟೋಕಾಪಿಯ ಫೋಟೋಕಾಪಿ, ಯಾರಿಗೂ ಅರ್ಥವಾಗೋದಿಲ್ಲ, ಎಲ್ಲರೂ ಲ್ಯಾಬ್ ಅಟೆಂಡರನ್ನೇ ಕೇಳ್ತಾರೆ. ಆ ಅಟೆಂಡರ್ ಪಕ್ಕ ನಿಂತು, ಅವರು ಏನೇನು ಮಾಡ್ತಾರೋ ಒಂದೊಂದೇ ಹೆಜ್ಜೆ ಬರೆದುಕೊಳ್ಳಿ. ಎಲ್ಲಿ ಕೈ ಸಿಕ್ಕಿಹಾಕಿಕೊಳ್ಳಬಹುದು ಅನ್ನೋ ಎಚ್ಚರಿಕೆ ಆ ಹೆಜ್ಜೆಯ ಮೊದಲು ಬರಬೇಕು, ನಂತರ ಅಲ್ಲ. ಬೆರಳು ಹೋದ ಮೇಲೆ ಓದಿ ಏನು ಪ್ರಯೋಜನ? ಬರೆದಾದ ಮೇಲೆ ಮೊದಲ ವರ್ಷದ ಒಬ್ಬನ ಕೈಗೆ ಕೊಟ್ಟು, ಅಟೆಂಡರ್ ನಿಗಾ ಇಟ್ಟಿರುವಾಗಲೇ, ಬಾಯಿ ಮುಚ್ಚಿಕೊಂಡು ದೂರ ನಿಲ್ಲಿ. ಅವನು ಎಲ್ಲಿ ನಿಂತು ತಲೆ ಕೆರೆದುಕೊಳ್ತಾನೋ ಅಲ್ಲಿ ವಾಕ್ಯ ಸರಿ ಇಲ್ಲ. ತಿದ್ದಿ. ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಏನು ಯಾಕೆ ಬದಲಾಯಿಸಿದೆ ಅಂತ ಅರ್ಧ ಪುಟ ಬರೆದ್ರೆ ಅದು ಒಂದು ಮಾದರಿ. ಮೂರರಲ್ಲಿ ಇದೇ ಅತಿ ಮುಖ್ಯ.

ಎರಡನೇದು ಕಂಪ್ಯೂಟರ್ ಸೈನ್ಸಿನವರಿಗೆ ಹತ್ತಿರ: ಗಿಟ್‌ಹಬ್‌ನಲ್ಲಿ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ನ 'ರೀಡ್ ಮಿ' ಸುಧಾರಿಸೋದು, ಅಥವಾ ನಿಮ್ಮದೇ ಫೈನಲ್ ಇಯರ್ ಪ್ರಾಜೆಕ್ಟ್‌ನ ಎಪಿಐ ವಿವರ ಬರೆಯೋದು. ಮಾರ್ಕ್‌ಡೌನ್, ಗಿಟ್ ಎರಡೂ ಇದರ ಜೊತೆಗೇ ಕಲಿತಂಗಾಗುತ್ತೆ. ಗೂಗಲ್‌ನವರ ಟೆಕ್ನಿಕಲ್ ರೈಟಿಂಗ್ ಪಾಠಗಳು ಉಚಿತ, ಅವು ಸಾಕು. ದುಬಾರಿ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯೋ ಮೊದಲು ಒಂದು ವಿಷಯ ಕೇಳಿ: ಅಮೆರಿಕದಲ್ಲಿ 1953ರಲ್ಲಿ ಶುರುವಾಗಿ ಈ ಕಸುಬಿನ ದೊಡ್ಡ ಸಂಘ ಅನ್ನಿಸಿಕೊಂಡಿದ್ದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯೇ ಹೋದ್ರೂ ನೀವು ಬರೆದಿಟ್ಟ ಕೈಪಿಡಿ ಎಲ್ಲೂ ಹೋಗೋದಿಲ್ಲ.

ಮೂರನೇದು ಕನ್ನಡದ್ದಾಗಿರಲಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಿಮ್ಮ ಬ್ರಾಂಚಿನ ಒಂದು ವಿಷಯದ ಮೇಲೆ ಅಲ್ಲಿ ಲೇಖನ ಬರೆದ್ರೆ ಬೇರೆಯವರು ಬಂದು ತಿದ್ದುತ್ತಾರೆ, ಆಧಾರ ಎಲ್ಲಿ ಅಂತ ಕೇಳ್ತಾರೆ, ಕೆಲವೊಮ್ಮೆ ಅಳಿಸ್ತಾರೆ. ಸಿಟ್ಟು ಬರುತ್ತೆ. ಕಂಪನಿಯಲ್ಲಿ ರಿವ್ಯೂ ಅಂದ್ರೆ ಇದೇ, ಈಗಲೇ ಅಭ್ಯಾಸ ಆಗಲಿ. ಅದು ಬೇಡ ಅಂದ್ರೆ ಇಳಕಲ್‌ನ ಒಬ್ಬ ನೇಕಾರರ ಮನೆಗೆ ಹೋಗಿ. ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ ಹಾಕಿ ಎಳೆಗೆ ಎಳೆ ಕೊಂಡಿ ಮಾಡಿ ಸೇರಿಸ್ತಾರಲ್ಲ, ಆ ಕ್ರಿಯೆಯನ್ನ ಮಗ್ಗ ನೋಡದವನಿಗೂ ಅರ್ಥವಾಗೋ ಹಾಗೆ ಒಂದು ಪುಟದಲ್ಲಿ ಬರೆಯಿರಿ. ಚಿತ್ರ ಇಲ್ಲದೆ. ಎಷ್ಟು ಕಷ್ಟ ಅಂತ ಮೂರನೇ ವಾಕ್ಯಕ್ಕೆ ಗೊತ್ತಾಗುತ್ತೆ. ಆ ನೇಕಾರರಿಗೆ ಆನ್‌ಲೈನ್‌ನಲ್ಲಿ ಸೀರೆ ಮಾರೋಕೆ ಆ ಪುಟ ಉಪಯೋಗಕ್ಕೂ ಬರಬಹುದು.

ಆಯ್ಕೆಯಲ್ಲಿ ಸಾಮಾನ್ಯವಾಗಿ ಒಂದು ಬರವಣಿಗೆ ಪರೀಕ್ಷೆ ಇರುತ್ತೆ. ಯಾರೋ ಇಂಜಿನಿಯರ್ ಗೀಚಿದ ಅಸ್ತವ್ಯಸ್ತ ಟಿಪ್ಪಣಿ ಕೊಟ್ಟು ಇದನ್ನ ಬಳಕೆದಾರನಿಗೆ ಅರ್ಥವಾಗೋ ಹೆಜ್ಜೆಗಳಾಗಿ ಮಾಡಿ ಅಂತಾರೆ. ಟಿಪ್ಪಣಿಯಲ್ಲಿ ಬೇಕಂತಲೇ ಒಂದೆರಡು ಮಾಹಿತಿ ಬಿಟ್ಟಿರೋದೂ ಉಂಟು. ಹೊಸಬರು ಆ ತೂತನ್ನ ತಮ್ಮ ಊಹೆಯಿಂದ ತುಂಬಿಸಿ ಅಂದವಾಗಿ ಬರೆದು ಕೊಡ್ತಾರೆ. ಸರಿಯಾದ ಉತ್ತರ ಅಂದ್ರೆ, 'ಇಲ್ಲಿ ಪಾಸ್‌ವರ್ಡ್ ಎಲ್ಲಿಂದ ಬರುತ್ತೆ ಅಂತ ಹೇಳಿಲ್ಲ, ಕೇಳಬೇಕು' ಅಂತ ಬರೆಯೋದು. ಮತ್ತೆ ನಾವು ಹೊಳಿ ದಂಡೆಯ ನಾಲ್ಕು ಪ್ರಶ್ನೆಗಳಿಗೇ ಬಂದ್ವಿ.

ಎಐ ಬಂದಿದೆಯಲ್ಲ, ಈ ಕೆಲಸ ಉಳಿಯುತ್ತಾ ಅಂತ ಜೂನಿಯರುಗಳು ಕೇಳ್ತಾರೆ. ಸಮಾಧಾನದ ಮಾತು ಹೇಳೋದಿಲ್ಲ: ಬರೀ ವಾಕ್ಯ ಜೋಡಿಸೋ ಕೆಲಸ, ಇದ್ದದ್ದನ್ನೇ ತಿರುಗಿಸಿ ಬರೆಯೋ ಕೆಲಸ ಕರಗ್ತಾ ಇದೆ, ಅದನ್ನ ನಂಬಿ ಈ ಕಡೆ ಬರಬೇಡಿ. ಯಂತ್ರ ಚಂದದ ಕರಡು ಅರ್ಧ ನಿಮಿಷದಲ್ಲಿ ಕೊಡುತ್ತೆ. ಆದ್ರೆ ಮೇಲಿನ ಸಾಲಿ ಎತ್ತರದಲ್ಲಿದೆಯೋ ಇಲ್ಲವೋ ಅಂತ ಅದು ಹೋಗಿ ನೋಡಿಲ್ಲ. ಯುಟಿಎಂನ ಹಳೇ ಸ್ವಿಚ್ ಎರಡು ಸಲ ಒತ್ತಿದ್ರೇನೇ ಕೆಲಸ ಮಾಡೋದು ಅಂತ ನಮ್ಮ ಅಟೆಂಡರಿಗೆ ಮಾತ್ರ ಗೊತ್ತು. ಕರಡಿನಲ್ಲಿ ಯಾವ ಸಾಲು ಸುಳ್ಳು ಅಂತ ಹಿಡಿಯೋನಿಗೆ ಬೆಲೆ ಬರುತ್ತೆ, ಹಿಡಿಯೋಕೆ ವಿಷಯ ಗೊತ್ತಿರಬೇಕು. ನಾಲ್ಕು ವರ್ಷದ ಇಂಜಿನಿಯರಿಂಗ್ ಇಲ್ಲಿ ಕೈ ಹಿಡಿಯುತ್ತೆ.

ಬೆಳವಣಿಗೆ ಹೇಗೆ ಅನ್ನೋದು ಇನ್ನೊಂದು ಪ್ರಶ್ನೆ. ಮೊದಲ ವರ್ಷ ರಿಲೀಸ್ ನೋಟ್, ಹಳೇ ಸ್ಕ್ರೀನ್‌ಶಾಟ್ ಬದಲಿಸೋದು, ಬೇರೆಯವರ ಪುಟ ತಿದ್ದೋದು. ಬೇಸರದ ಕೆಲಸ. ಆಮೇಲೆ ಒಂದು ಪ್ರಾಡಕ್ಟ್ ಪೂರ್ತಿ ನಿಮ್ಮ ಕೈಗೆ ಬರುತ್ತೆ. ಅಲ್ಲಿಂದ ದಾರಿ ಕವಲೊಡೆಯುತ್ತೆ: ಬರಹಗಾರನಾಗಿಯೇ ಆಳಕ್ಕೆ ಹೋಗಿ ಇಡೀ ಮಾಹಿತಿಯ ವಿನ್ಯಾಸ ಮಾಡೋ ಇನ್ಫರ್ಮೇಶನ್ ಆರ್ಕಿಟೆಕ್ಟ್ ಆಗೋದು ಒಂದು, ತಂಡ ನಡೆಸೋ ಮ್ಯಾನೇಜರ್ ಆಗೋದು ಇನ್ನೊಂದು, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆಗೋ ಕಾರ್ಪೊರೇಟ್ ಕಮ್ಯುನಿಕೇಶನ್ ಕಡೆಗೋ ಪಕ್ಕಕ್ಕೆ ಜಿಗಿಯೋದು ಮತ್ತೊಂದು. ತೊಡಕು ಏನಂದ್ರೆ, ಒಳ್ಳೆ ಕೈಪಿಡಿ ಕಣ್ಣಿಗೆ ಬೀಳೋದಿಲ್ಲ. ಎಲ್ಲಾ ಸರಿಯಾಗಿದ್ರೆ ಯಾರೂ ನಿಮ್ಮನ್ನ ನೆನೆಸೋದಿಲ್ಲ, ಅಪ್ರೈಸಲ್ ದಿನ 'ನೀವು ಏನು ಮಾಡಿದ್ರಿ?' ಅಂತಾರೆ. ಅದಕ್ಕೆ ಲೆಕ್ಕ ಇಟ್ಟುಕೊಳ್ಳಬೇಕು: ಈ ಪುಟ ಬರೆಯೋ ಮೊದಲು ಈ ವಿಷಯಕ್ಕೆ ತಿಂಗಳಿಗೆ ಎಷ್ಟು ಜನ ಸಪೋರ್ಟ್‌ಗೆ ಫೋನ್ ಮಾಡ್ತಿದ್ರು, ಈಗ ಎಷ್ಟು? ಡೆವಲಪರುಗಳು ಕೋಡ್ ಸಾಲು ಎಣಿಸ್ತಾರೆ, ನೀವು ಬಾರದ ಫೋನ್ ಕರೆಗಳನ್ನ ಎಣಿಸಬೇಕು. ಹೆಸರು ಕೇಳೋಕೆ ನಾಚಿಕೆ ಬೇಡ. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಅನ್ನೋ ಶಿಲ್ಪಿ ತಾನು ಸರ್ವಸಿದ್ಧಿ ಆಚಾರಿಯ ಪರಂಪರೆಯವನು ಅಂತ ಹೇಳಿಕೊಂಡಿದ್ದಾನೆ, ಇದನ್ನ ಇವತ್ತು ರೆಫರೆನ್ಸ್ ಅಂತಾರೆ.

ಮುಂದಿನ ತಿಂಗಳು ಕನ್ನಡ ಸಂಘದಿಂದ ಪಟ್ಟದಕಲ್ಲಿಗೆ ಹೋಗ್ತಿದ್ದೀವಿ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್, ಬಸ್ಸಿದೆ. ಬರೋರು ಒಂದು ನೋಟ್‌ಬುಕ್ ತನ್ನಿ. ಬೆಳಿಗ್ಗೆ ಒಬ್ಬ ಗೈಡ್ ಹಿಂದೆ ಸುಮ್ಮನೆ ನಡೀತೀವಿ: ಶಾಲೆ ಮಕ್ಕಳಿಗೆ ನಾಗರ ಶಿಖರ, ದ್ರಾವಿಡ ಶಿಖರದ ವ್ಯತ್ಯಾಸವನ್ನ ಹೇಗೆ ಹೇಳ್ತಾರೆ, ಅದನ್ನೇ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಹೇಗೆ ಹೇಳ್ತಾರೆ, ಎಲ್ಲಿ ಮಾತು ನಿಲ್ಲಿಸಿ ಕೈ ತೋರಿಸ್ತಾರೆ ಅಂತ ಬರೆದುಕೊಳ್ಳೋದು. ಮಧ್ಯಾಹ್ನ ಊಟವಾದ ಮೇಲೆ ಪ್ರತಿಯೊಬ್ಬರೂ ಒಂದು ಗುಡಿಗೆ ಅರವತ್ತು ಪದದ ಫಲಕ ಬರೆಯಬೇಕು, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಸಂಜೆ ಅವನ್ನ ಅಲ್ಲಿಗೆ ಬಂದ ಯಾರಿಗಾದ್ರೂ ಓದೋಕೆ ಕೊಟ್ಟು, ಏನು ಅರ್ಥವಾಯ್ತು ಅಂತ ಕೇಳ್ತೀವಿ. ಸೀಟು ಇಪ್ಪತ್ತೇ ಇವೆ, ಹೆಸರನ್ನ ಲೈಬ್ರರಿ ಎದುರಿನ ಸಂಘದ ಬೋರ್ಡಿನಲ್ಲಿ ಬರೆಯಿರಿ.